ಮೈಸೂರಿನ ದುಡ್ಡಿನಿಂದ ಉಳಿದ ಪಿಯಾನೊ: ನಿಕೊಲಾಯ್ ಮೆಟ್ನರ್ ಬಗ್ಗೆ ಮಾತಾಡೋಣ

ಸರಸ್ವತೀಪುರಂ_ಕೇಳುಗ

ಪ್ರತಿ ವರ್ಷ ಜುಲೈ 18 ಬಂದರೆ, ಅಂದರೆ ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್ ಅವರ ಹುಟ್ಟುಹಬ್ಬಕ್ಕೆ, ಅವರ ಪಾಶ್ಚಾತ್ಯ ಸಂಗೀತದ ಒಲವಿನ ಬಗ್ಗೆ ಒಂದಷ್ಟು ಬರಹ ಓಡಾಡುತ್ತವೆ. ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ರಷ್ಯಾದ ಮೆಟ್ನರ್ ಅನ್ನುವವರಿಗೆ ಮಹಾರಾಜರು ಸಹಾಯ ಮಾಡಿದರು, ಅಂತ. ಅಲ್ಲಿಗೆ ಮುಗಿಯಿತು. ಆ ಮೆಟ್ನರ್ ಯಾರು, ಅವರಿಗೆ ಸಹಾಯ ಬೇಕಾಗಿದ್ದು ಯಾಕೆ, ಆ ದುಡ್ಡಿನಿಂದ ಏನಾಯಿತು ಅಂತ ಯಾರೂ ಮುಂದೆ ಹೋಗುವುದಿಲ್ಲ. ನನಗೆ ಇವರ ಸಂಗೀತ ಅಂದರೆ ಪ್ರಾಣ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು ಮಾಸ್ಕೊದಲ್ಲಿ, 1880ರ ಜನವರಿ 5ರಂದು. ಮೊದಲ ಪಾಠ ಅಮ್ಮನ ಹತ್ತಿರ. ಆಮೇಲೆ ಮಾಸ್ಕೊ ಕನ್ಸರ್ವೇಟರಿ, ಅಂದರೆ ಅಲ್ಲಿನ ಸಂಗೀತ ಕಾಲೇಜು. ಅಲ್ಲಿ ಪಾಬ್ಸ್ಟ್, ಸಪೆಲ್ನಿಕೊಫ್, ಸಫೋನೊಫ್ ಅವರಂಥ ಹೆಸರಾಂತ ಗುರುಗಳು ಸಿಕ್ಕರು. 1900ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಆಂಟನ್ ರುಬಿನ್‌ಸ್ಟೈನ್ ಬಹುಮಾನ ಗಳಿಸಿ ಹೊರಗೆ ಬಂದರು. ಇನ್ನೇನು, ಊರೂರು ಸುತ್ತಿ ಕಛೇರಿ ಕೊಡುತ್ತಾನೆ, ಮನೆಗೆ ಹೆಸರು ತರುತ್ತಾನೆ ಅಂತ ಎಲ್ಲರೂ ಕಾದಿದ್ದರು. ಹುಡುಗ ‘ಆಗಲ್ಲ’ ಅಂದುಬಿಟ್ಟ. ತನಗೆ ಬೇಕಾಗಿದ್ದು ಸಂಗೀತ ರಚನೆ. ಮನೆಯವರಿಗೆ ಸಿಡಿಲು ಬಡಿದಂತಾಯಿತು. ಬೆನ್ನಿಗೆ ನಿಂತವರಲ್ಲಿ ರಚನೆಗಾರ ತನೆಯೇವ್ ಒಬ್ಬರು. ಅವರು ಸಣ್ಣ ಮನುಷ್ಯ ಅಲ್ಲ, ರಷ್ಯಾದ ದೊಡ್ಡ ರಚನೆಗಾರ ಚೈಕೊವ್‌ಸ್ಕಿಯ ಶಿಷ್ಯ, ಮುಂದೆ ಅಷ್ಟೇ ಹೆಸರಾದ ರಚನೆಗಾರ ರಖ್ಮಾನಿನೊಫ್ ಅವರ ಗುರು.

ಹಾಗಂತ ಮೆಟ್ನರ್ ಪಿಯಾನೊ ಮುಚ್ಚಿಡಲಿಲ್ಲ. ಕೊನೆಯವರೆಗೂ ನುಡಿಸಿದರು, ಆದರೆ ಹೆಚ್ಚಾಗಿ ತಮ್ಮದೇ ರಚನೆಗಳನ್ನು. ಬೇರೆಯವರದ್ದು ಅಂದರೆ ಬೆಥೊವನ್ ಮೇಲೆ ಬಹಳ ಭಕ್ತಿ. 1910ರಲ್ಲಿ ಬೆಥೊವನ್‌ನ ನಾಲ್ಕನೇ ಪಿಯಾನೊ ಕಾನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಒಬ್ಬರು ನುಡಿಸುವ ದೊಡ್ಡ ರಚನೆ) ನುಡಿಸಬೇಕಾಗಿತ್ತು. ರಿಹರ್ಸಲ್‌ನಲ್ಲಿ ಆರ್ಕೆಸ್ಟ್ರಾ ನಡೆಸುವ ನಿರ್ವಾಹಕ ಮೆಂಗೆಲ್‌ಬರ್ಗ್ ಜೊತೆ ಲಯದ ವಿಚಾರಕ್ಕೆ ಜಗಳವಾಯಿತು. ಮೆಂಗೆಲ್‌ಬರ್ಗ್ ಆಗಲೇ ಯುರೋಪಿನಲ್ಲಿ ದೊಡ್ಡ ಹೆಸರು. ಮೆಟ್ನರ್ ಬಗ್ಗಲಿಲ್ಲ. ಸಂಗೀತದ ವಿಷಯಕ್ಕೆ ಬಂದರೆ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅವರ ಜೀವನ ಅರ್ಥ ಆಗಬೇಕಾದರೆ ಪಕ್ಕದಲ್ಲಿ ರಖ್ಮಾನಿನೊಫ್ ಅವರನ್ನು ಇಟ್ಟು ನೋಡಬೇಕು. ಇಬ್ಬರೂ ಒಂದೇ ಕನ್ಸರ್ವೇಟರಿಯವರು, ಆಪ್ತ ಸ್ನೇಹಿತರು. ಮೆಟ್ನರ್ ತಮ್ಮ ಎರಡನೇ ಕಾನ್ಸರ್ಟೊವನ್ನು ರಖ್ಮಾನಿನೊಫ್ ಅವರಿಗೆ ಅರ್ಪಿಸಿದರು, ರಖ್ಮಾನಿನೊಫ್ ತಮ್ಮ ನಾಲ್ಕನೆಯದನ್ನು ಮೆಟ್ನರ್ ಅವರಿಗೆ. ಕ್ರಾಂತಿಯಾದ ಮೇಲೆ ಇಬ್ಬರೂ ದೇಶ ಬಿಟ್ಟರು. ರಖ್ಮಾನಿನೊಫ್ 1918ರ ಕೊನೆಗೆ ನ್ಯೂಯಾರ್ಕ್ ಸೇರಿದಾಗ ವಯಸ್ಸು 45. ಆ ವಯಸ್ಸಲ್ಲಿ ಕೂತು ಶೊಪಾ, ಲಿಸ್ಟ್, ಶೂಮನ್ ಎಲ್ಲ ಸಿದ್ಧಮಾಡಿಕೊಂಡು ಕಛೇರಿ ಪಿಯಾನಿಸ್ಟ್ ಆದರು, ಚೆನ್ನಾಗಿ ಸಂಪಾದಿಸಿದರು. ಅದಕ್ಕೆ ಕೊಟ್ಟ ಬೆಲೆ ಅಂದರೆ, ಆಮೇಲೆ ಹೊಸದಾಗಿ ಬರೆದದ್ದು ಬಹಳ ಕಡಿಮೆ. ಮೆಟ್ನರ್ 1921ರಲ್ಲಿ ಹೊರಟರು, ಬರ್ಲಿನ್‌ಗೆ. ಅವರು ಬದಲಾಗಲಿಲ್ಲ. 1924ರಲ್ಲಿ ರಖ್ಮಾನಿನೊಫ್ ಓಡಾಡಿ ಅವರಿಗೆ ಅಮೆರಿಕ, ಕೆನಡಾ ಪ್ರವಾಸ ಮಾಡಿಸಿಕೊಟ್ಟರು. ಸ್ಟೊಕೊವ್‌ಸ್ಕಿಯ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ ನುಡಿಸುವ ಅವಕಾಶ ಸಿಕ್ಕಿತು. ಆದರೆ ಒಂಟಿ ಕಛೇರಿ ಅಂದರೆ ಎಷ್ಟೋ ಸಲ ಇಡೀ ಸಂಜೆ ಮೆಟ್ನರ್ ಮಾತ್ರ: ಒಂದು ಸೊನಾಟ (ವಾದ್ಯಕ್ಕೆ ಬರೆದ ದೊಡ್ಡ ರಚನೆ), ನಡುವೆ ಅವರದೇ ಹಾಡುಗಳು, ಮತ್ತೆ ಅವರದೇ ಚಿಕ್ಕ ತುಣುಕುಗಳು. ಟಿಕೆಟ್ ಮಾರುವವರಿಗೆ ಇದು ತಲೆನೋವು. ಅವರು ಹೇಳಿದಂತೆ ಕಾರ್ಯಕ್ರಮ ಬದಲಿಸುವುದು ಇವರಿಗೆ ಆಗದ ಮಾತು. ಕಛೇರಿಗಳು ಬರಬರುತ್ತಾ ಕಡಿಮೆಯಾದವು.

ಕೆಲವು ವರ್ಷ ಪ್ಯಾರಿಸ್ ಹತ್ತಿರ ಇದ್ದರು. 1930ರ ದಶಕದ ನಡುವೆ ಹೆಂಡತಿ ಆನ್ನಾ ಜೊತೆ ಲಂಡನ್‌ಗೆ ಬಂದು ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆಸಿದರು. ಇಂಗ್ಲೆಂಡಿನಲ್ಲಿ ಅವರನ್ನು ಗೌರವಿಸುವ ಜನ ಇದ್ದರು. ಪಾಠ, ಸಾಧನೆ, ರಚನೆ, ದಿನಾ ಅದೇ ಹೊತ್ತಿಗೆ ಅದೇ ಕೆಲಸ. ಯುದ್ಧ ಬಂತು. ಅವರ ಪ್ರಕಾಶಕರು ಜರ್ಮನಿಯವರು, ಹಾಗಾಗಿ ಅಲ್ಲಿಂದ ಬರುತ್ತಿದ್ದ ಕಾಸೂ ನಿಂತಿತು. 1942ರಲ್ಲಿ ಹೃದಯಾಘಾತ. ಯುದ್ಧದ ಆ ದಿನಗಳಲ್ಲಿ ಕೈಹಿಡಿದವರು ಶಿಷ್ಯೆ ಎಡ್ನಾ ಐಲ್ಸ್. ಗುರು ದಂಪತಿಯನ್ನು ವಾರಿಕ್‌ಶೈರ್‌ಗೆ ಕರೆದುಕೊಂಡು ಹೋಗಿ ಇಟ್ಟುಕೊಂಡರು. ಮೂರನೇ ಪಿಯಾನೊ ಕಾನ್ಸರ್ಟೊ ಮುಗಿದದ್ದು ಅಲ್ಲೇ. 1944ರಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದರ ಮೊದಲ ಪ್ರದರ್ಶನ, ಪಿಯಾನೊದಲ್ಲಿ ಸ್ವತಃ ಮೆಟ್ನರ್.

ಇಷ್ಟಾದ ಮೇಲೆ ಮೈಸೂರು ಬರುತ್ತದೆ. ಎಲ್ಲೋ ದೂರದಲ್ಲಿದ್ದ ಈ ಮುದುಕರ ಸಂಗೀತವನ್ನು ರೆಕಾರ್ಡ್ ಮಾಡಿಸಲು ಇನ್ನೂ ಮೂವತ್ತು ತುಂಬದ ಮಹಾರಾಜರು ದುಡ್ಡು ಕೊಟ್ಟರು. ಅದಕ್ಕಾಗಿಯೇ ಮೆಟ್ನರ್ ಸೊಸೈಟಿ ಹುಟ್ಟಿತು. ಮೂರು ಕಾನ್ಸರ್ಟೊ, ಸೊನಾಟ, ಹಾಡು, ಎಲ್ಲವನ್ನೂ ಅವರದೇ ಕೈಯಲ್ಲಿ ಇವತ್ತು ನಾವು ಕೇಳಬಹುದು. ಮೂರನೇ ಕಾನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ತೀರಿಕೊಂಡರು.

ಪಿಯಾನೊ ಬಲ್ಲವರು, ಇತಿಹಾಸ ಬಲ್ಲವರು ಇಲ್ಲಿ ಇದ್ದೀರಿ. ನಿಮಗೆ ಗೊತ್ತಿರುವುದನ್ನು ಸೇರಿಸಿ.

ಹಳೇ_ತಟ್ಟೆ_ಸಂಗ್ರಹ

ಸರ್, ಆ ರೆಕಾರ್ಡಿಂಗ್ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ನನ್ನ ಕ್ಷೇತ್ರ ಅದೇ, ಹಳೇ ಗ್ರಾಮಫೋನ್ ತಟ್ಟೆಗಳು.

ಕಾನ್ಸರ್ಟೊಗಳು ರೆಕಾರ್ಡ್ ಆಗಿದ್ದು 1947ರಲ್ಲಿ, ಎಚ್.ಎಂ.ವಿ. ರೆಕಾರ್ಡ್ ಕಂಪನಿಗೆ. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಮೊದಲನೆಯದಕ್ಕೆ ನಿರ್ವಾಹಕರು ಜಾರ್ಜ್ ವೆಲ್ಡನ್, ಎರಡು ಮತ್ತು ಮೂರಕ್ಕೆ ಇಸ್ಸಾಯ್ ಡೊಬ್ರೊವೆನ್. ಡೊಬ್ರೊವೆನ್ ಕೂಡ ಮಾಸ್ಕೊ ಕನ್ಸರ್ವೇಟರಿಯಲ್ಲೇ ಕಲಿತವರು. ಆ ಭಾಷೆ, ಆ ಗಾಳಿ ಗೊತ್ತಿದ್ದವರು ಎದುರಿಗೆ ನಿಂತಿದ್ದರು ಅನ್ನುವುದು ಕೇಳುವಾಗ ತಿಳಿಯುತ್ತದೆ.

ಈಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಅದು ನಿಮಿಷಕ್ಕೆ 78 ಸುತ್ತು (78 ಆರ್.ಪಿ.ಎಂ.) ತಿರುಗುವ ತಟ್ಟೆಗಳ ಕಾಲ. ಹನ್ನೆರಡು ಇಂಚಿನ ತಟ್ಟೆಯ ಒಂದು ಮುಖಕ್ಕೆ ನಾಲ್ಕು, ನಾಲ್ಕೂವರೆ ನಿಮಿಷ ಹಿಡಿಯುತ್ತದೆ. ಮೂರನೇ ಕಾನ್ಸರ್ಟೊ ಅರ್ಧ ಗಂಟೆಗೂ ಜಾಸ್ತಿ. ಅಂದರೆ ಅದನ್ನು ತುಂಡುತುಂಡು ಮಾಡಿ ನುಡಿಸಬೇಕು. ಟೇಪ್ ಇನ್ನೂ ಸ್ಟುಡಿಯೊಗೆ ಬಂದಿರಲಿಲ್ಲ. ತಪ್ಪಿದ ಜಾಗವನ್ನು ಕತ್ತರಿಸಿ ಅಂಟಿಸುವ ಹಾಗಿಲ್ಲ. ನಾಲ್ಕನೇ ನಿಮಿಷದಲ್ಲಿ ಒಂದು ಸ್ವರ ಜಾರಿದರೂ ಆ ಮುಖ ಪೂರ್ತಿ ಮತ್ತೆ ನುಡಿಸಬೇಕು. ಮತ್ತೆ ಶುರು ಮಾಡುವಾಗ ಹಿಂದಿನ ತುಂಡು ಎಲ್ಲಿ ನಿಂತಿತ್ತೋ ಅದೇ ವೇಗ, ಅದೇ ಬಿಸಿ ಇರಬೇಕು. ಇದನ್ನೆಲ್ಲ ಮಾಡಿದವರು 67 ವರ್ಷದ, ಹೃದಯ ಸೋತಿದ್ದ ಮನುಷ್ಯ. ಅವರ ಸಂಗೀತದಲ್ಲಿ ಕೈಗೆ ಬಿಡುವೇ ಇಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ಕೇಳುವವರು ಗಮನಿಸಿ. ಸದ್ದಿನ ಗುಣಮಟ್ಟ ಪರವಾಗಿಲ್ಲ, ಅಷ್ಟೇ. ಆರ್ಕೆಸ್ಟ್ರಾ ಕೆಲವು ಕಡೆ ಹಿಂದೆ ಉಳಿದಂತೆ ಅನ್ನಿಸುತ್ತದೆ. ಆದರೆ ಎರಡನೇ ಕಾನ್ಸರ್ಟೊ ಶುರುವಿನ ಆ ಟೊಕಾಟ, ಬೆರಳುಗಳು ಬಿಡುವಿಲ್ಲದೆ ಓಡುವ ಭಾಗ, ಇದೆಯಲ್ಲ, ಅಲ್ಲಿ ಲಯದ ಕಟ್ಟು ನೋಡಿ. ಒಂದು ಕಡೆಯೂ ಸಡಿಲ ಬಿಟ್ಟಿಲ್ಲ.

ಹಾಡುಗಳ ರೆಕಾರ್ಡ್‌ಗಳೂ ಇವೆ. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಪ್ ಹಾಡಿದ್ದಾರೆ, ಪಿಯಾನೊ ಮೆಟ್ನರ್ ಅವರದು. ಬೆನ್ನೊ ಮೊಯ್ಸೆವಿಚ್ ಜೊತೆ ಎರಡು ಪಿಯಾನೊದ ಒಂದು ರಷ್ಯನ್ ನೃತ್ಯವೂ ಇದೆ. ಅದರಲ್ಲಿ ಇಬ್ಬರೂ ಖುಷಿಯಾಗಿ ನುಡಿಸಿದ್ದಾರೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಕಡತ_ಓದುಗ

ಬರಹಕ್ಕೆ ವಂದನೆ. ಒಂದು ಮಾತು ಹೇಳದೆ ಇರಲಾರೆ, ಬೇಸರ ಮಾಡಿಕೊಳ್ಳಬೇಡಿ.

ರೆಕಾರ್ಡ್ ಆಗಿದ್ದು 1947ರಲ್ಲಿ ಅಂತ ಮೇಲೆ ಬರೆದಿದ್ದಾರೆ. ಅದೇ 1947ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೈಸೂರು ಸಂಸ್ಥಾನದಲ್ಲಿ ಏನು ನಡೆಯುತ್ತಿತ್ತು? ಮೈಸೂರು ಚಲೋ. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ, ಇಲ್ಲಿ ಜವಾಬ್ದಾರಿ ಸರ್ಕಾರ ಇಲ್ಲ ಅಂತ ಜನ ಬೀದಿಗೆ ಇಳಿದಿದ್ದರು. ವಿದ್ಯಾರ್ಥಿಗಳು ಜೈಲು ಕಂಡರು. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದ ಮೇಲೆ ಅದು ತಣ್ಣಗಾಯಿತು. ಆ ಹೊತ್ತಿಗೆ ಅರಮನೆ ದುಡ್ಡು ಲಂಡನ್ ಸ್ಟುಡಿಯೊಗೆ ಹೋಗುತ್ತಿತ್ತು. ಫಿಲ್‌ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡ ಪ್ರಕಾರ ಮಹಾರಾಜರು ಆ ಆರ್ಕೆಸ್ಟ್ರಾ ನೆಲೆಯೂರಲಿ ಅಂತ ವರ್ಷಕ್ಕೆ 10,000 ಪೌಂಡ್, ಮೂರು ವರ್ಷ ಕೊಡಲು ಒಪ್ಪಿದರು. ಆಗಿನ ಲೆಕ್ಕದಲ್ಲಿ ಒಂದು ಪೌಂಡ್ ಅಂದರೆ ಹದಿಮೂರು ರೂಪಾಯಿ ಚಿಲ್ಲರೆ. ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ. ಇದು ಮೆಟ್ನರ್ ರೆಕಾರ್ಡಿಂಗ್ ಖರ್ಚು ಬಿಟ್ಟು.

ಸಂಗೀತ ದೊಡ್ಡದು, ಒಪ್ಪುತ್ತೇನೆ. ಆದರೆ ನಮ್ಮ ಹೆಮ್ಮೆಯ ಪಟ್ಟಿಗೆ ಸೇರಿಸುವ ಮೊದಲು ಈ ಲೆಕ್ಕವೂ ಕಣ್ಣೆದುರು ಇರಲಿ.

ಸರಸ್ವತೀಪುರಂ_ಕೇಳುಗ

ಬೇಸರ ಯಾಕೆ ಸರ್, ಈ ಮಾತು ಬರಲೇಬೇಕಿತ್ತು. ನೀವು ಹೇಳಿದ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಎರಡು ವಿಷಯ. ಒಂದು, ಮಹಾರಾಜರ ಮಟ್ಟಿಗೆ ಇದು ದೊಡ್ಡವರ ಸುಮ್ನೆ ಶೋಕಿ ಆಗಿರಲಿಲ್ಲ. ಅವರು ಪಿಯಾನೊವನ್ನು ಗಂಭೀರವಾಗಿ ಕಲಿತವರು. ಲಂಡನ್‌ನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ. ಕಛೇರಿ ಪಿಯಾನಿಸ್ಟ್ ಆಗಬೇಕು ಅನ್ನುವ ಆಸೆ ಇತ್ತು. 1939ರಲ್ಲಿ ತಂದೆಯವರ ಜೊತೆ ಯುರೋಪ್ ಸುತ್ತಿ ಬಂದರು. 1940ರಲ್ಲಿ ಮೊದಲು ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಹೋದರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರೂ ಹೋದರು. 21ನೇ ವಯಸ್ಸಿಗೆ ಪಟ್ಟ. ಪಿಯಾನಿಸ್ಟ್ ಆಗುವ ಮಾತು ಅಲ್ಲಿಗೆ ನಿಂತಿತು. ಹೀಗೆ ಯೋಚಿಸಿ ನೋಡಿ: ಒಬ್ಬರು ಕಛೇರಿ ಜೀವನ ಬೇಡ ಅಂದವರು, ಇನ್ನೊಬ್ಬರು ಬೇಕು ಅಂದರೂ ಸಿಗದವರು. ಮೆಟ್ನರ್ ಬರೆದದ್ದು ಎಷ್ಟು ಕಷ್ಟ, ಎಷ್ಟು ಚೆನ್ನ ಅನ್ನುವುದು ಬೆರಳಿಗೇ ಗೊತ್ತಿದ್ದ ಒಬ್ಬರು ಆ ದುಡ್ಡು ಕೊಟ್ಟರು.

ಎರಡು, ಕಂಪನಿಗಳು ತಾವಾಗಿ ಇದನ್ನು ಮಾಡುತ್ತಿರಲಿಲ್ಲ. ಮಾರಾಟ ಆಗದ ಸಂಗೀತಕ್ಕೆ ಮೂರು ಆಲ್ಬಂ ಯಾರು ಹಾಕುತ್ತಾರೆ? ಇನ್ನು ನಾಲ್ಕು ವರ್ಷ ತಡವಾಗಿದ್ದರೆ ಮೆಟ್ನರ್ ಇರುತ್ತಿರಲಿಲ್ಲ.

ಕಡತ_ಓದುಗ

ಎರಡನೇ ಕಾರಣ ಒಪ್ಪಿದೆ. ಮೊದಲನೆಯದು ಮನಸ್ಸಿಗೆ ತಟ್ಟುತ್ತದೆ, ಆದರೆ ಅದು ಉತ್ತರ ಅಲ್ಲ. ಇರಲಿ. ಆ ಎರಡನೇ ಕಾನ್ಸರ್ಟೊ ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಸಂಗೀತದ ಬಗ್ಗೆ ನನ್ನ ತಕರಾರು ಇಲ್ಲ.

ತಂಬೂರಿ_ತಂತಿ

ನಾನು ಕರ್ನಾಟಕ ಸಂಗೀತದವಳು. ಪಿಯಾನೊ ಬಗ್ಗೆ ಹೇಳುವಷ್ಟು ಗೊತ್ತಿಲ್ಲ. ಆದರೆ ಕಡತ_ಓದುಗ ಅವರ ಲೆಕ್ಕಕ್ಕೆ ಇನ್ನೊಂದು ಕಡೆಯಿದೆ, ಅದನ್ನು ಹೇಳಬೇಕು.

ಮಹಾರಾಜರು ಲಂಡನ್‌ಗೆ ದುಡ್ಡು ಕಳಿಸುತ್ತಿದ್ದ ಕಾಲದಲ್ಲೇ ಇಲ್ಲಿ ಕೃತಿ ರಚನೆಗೆ ಕೂತಿದ್ದರು. ಆಸ್ಥಾನದಲ್ಲಿ ಮೈಸೂರು ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು ಇದ್ದರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ಮಾಡಿದರು. ಗಂಭೀರನಾಟದ ‘ಶ್ರೀ ಜಾಲಂಧರ’ ಇವತ್ತಿಗೂ ಕಛೇರಿಯಲ್ಲಿ ಕೇಳಿಬರುತ್ತದೆ. ಎಷ್ಟೋ ಅಪರೂಪದ ರಾಗಗಳನ್ನು ಮುಟ್ಟಿದ್ದಾರೆ. ಪಿಯಾನೊ ಕಲಿತ ಮನುಷ್ಯ ಗಮಕ (ಸ್ವರವನ್ನು ಆಡಿಸುವುದು) ಇಲ್ಲದ ವಾದ್ಯದಿಂದ ಗಮಕದ ಸಂಗೀತಕ್ಕೆ ಬಂದು ಇಷ್ಟು ಮಾಡಿದರು ಅನ್ನುವುದು ನನಗೆ ದೊಡ್ಡ ವಿಷಯ. ಅವರ ಕೃತಿಗಳ ಕಟ್ಟಡದಲ್ಲಿ ಒಂದು ಅಚ್ಚುಕಟ್ಟು ಇದೆ, ಚಿಟ್ಟೆಸ್ವರಗಳ (ಕೃತಿಯ ಜೊತೆ ಹಾಡುವ ಸ್ವರಗುಚ್ಛಗಳ) ಜೋಡಣೆಯಲ್ಲಿ ಎದ್ದು ಕಾಣುತ್ತದೆ. ಅದು ಪಶ್ಚಿಮದ ಅಭ್ಯಾಸದಿಂದ ಬಂದದ್ದಾ ಅಂತ ನಾವು ಹಾಡುವವರು ಮಾತಾಡಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಹೌದು.

ಇನ್ನೊಂದು ಹೆಸರು ಈ ಎಳೆಯಲ್ಲಿ ಬರಲೇಬೇಕು. ಮಹಾರಾಜರ ತಂಗಿ ವಿಜಯಾದೇವಿಯವರು. ಅವರೂ ಒಳ್ಳೆಯ ಪಿಯಾನೊ ಕಲಿಕೆ ಪಡೆದವರು, ವೀಣೆಯೂ ಗೊತ್ತಿತ್ತು. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಶುರು ಮಾಡಿದರು. ಬೆಂಗಳೂರಿಗೆ ಹೊರದೇಶದ ಸಂಗೀತಗಾರರನ್ನು ಕರೆಸಿದ ಕೆಲಸ ಅವರದು.

ಕರಿಬಿಳಿ_ಮನೆ

ಪಿಯಾನೊ ಪಾಠ ಹೇಳುವುದು ನನ್ನ ವೃತ್ತಿ. ಮೆಟ್ನರ್ ಬಗ್ಗೆ ಕನ್ನಡದಲ್ಲಿ ಇಷ್ಟು ಓದುತ್ತೇನೆ ಅಂದುಕೊಂಡಿರಲಿಲ್ಲ. ಸರಸ್ವತೀಪುರಂ_ಕೇಳುಗ ಅವರಿಗೆ ಧನ್ಯವಾದ.

ಒಂದು ವಿಷಯಕ್ಕೆ ಮಾತ್ರ ನನ್ನ ಅಭಿಪ್ರಾಯ ಬೇರೆ. ‘ಕಛೇರಿ ಜೀವನ ಬೇಡ ಅಂದವರು’ ಅಂತ ಬರೆದಿರಿ. ಅವರು ಬೇಡ ಅಂದಿದ್ದು ಸುತ್ತಾಟದ ವ್ಯಾಪಾರವನ್ನು. ಪಿಯಾನೊ ಸಾಧನೆಯನ್ನು ಅವರಷ್ಟು ಶ್ರದ್ಧೆಯಿಂದ ಮಾಡಿದವರು ಕಡಿಮೆ. ಅದಕ್ಕೆ ಸಾಕ್ಷಿ ಇದೆ. ತಮ್ಮ ದಿನದಿನದ ಸಾಧನೆಗಾಗಿ ಅವರು ಚೀಟಿ, ನೋಟ್‌ಪುಸ್ತಕಗಳಲ್ಲಿ ಬರೆದುಕೊಂಡಿದ್ದ ಮಾತುಗಳನ್ನು ಅವರು ಹೋದ ಮೇಲೆ, 1963ರಲ್ಲಿ, ಮಾಸ್ಕೊದಲ್ಲಿ ಪುಸ್ತಕ ಮಾಡಿದರು. ಯಾರಿಗೋ ಬೋಧನೆ ಅಲ್ಲ ಅದು, ತಮಗೆ ತಾವೇ ಹೇಳಿಕೊಂಡದ್ದು. ಮೊದಲು ಕೇಳು. ಕಣ್ಣು ಮುಚ್ಚಿ ನುಡಿಸು. ಕೈ ಸಡಿಲ ಇರಲಿ. ನಿಧಾನ. ಇಂಥವೇ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಜೀವನಪೂರ್ತಿ ನುಡಿಸಿದವರು ತಮಗೆ ಇದನ್ನು ನೆನಪಿಸಿಕೊಳ್ಳುತ್ತಿದ್ದರು ಅಂದರೆ ನಾವು ಎಷ್ಟು ನೆನಪಿಸಿಕೊಳ್ಳಬೇಕು!

ಕಣ್ಣು ಮುಚ್ಚಿ ನುಡಿಸುವುದನ್ನು ನನ್ನ ವಿದ್ಯಾರ್ಥಿಗಳಿಗೆ ನಾನೂ ಮಾಡಿಸುತ್ತೇನೆ. ಕಣ್ಣು ಬಿಟ್ಟಾಗ ಮಕ್ಕಳು ಮುಂದಿನ ಕೀಲಿ ಎಲ್ಲಿದೆ ಅಂತ ನೋಡುತ್ತಾರೆ, ಈಗ ಬಂದ ಸ್ವರ ಹೇಗಿದೆ ಅಂತ ಕೇಳುವುದಿಲ್ಲ. ಕಣ್ಣು ಮುಚ್ಚಿದ ತಕ್ಷಣ ಕೈ ಕೀಲಿಗೆ ಹತ್ತಿರ ಬರುತ್ತದೆ, ಎತ್ತಿ ಬಡಿಯುವುದು ನಿಲ್ಲುತ್ತದೆ. ಸ್ವರ ಮೃದುವಾಗುತ್ತದೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು.

ಮೆಟ್ನರ್ ನುಡಿಸಲು ಯಾಕೆ ಕಷ್ಟ ಅಂತ ಕೇಳುವವರಿಗೆ ಹೇಳುವುದು ಇಷ್ಟು. ರಖ್ಮಾನಿನೊಫ್‌ನಲ್ಲಿ ರಾಗದ ಎಳೆ ಮೇಲೆ ತೇಲುತ್ತದೆ, ಉಳಿದದ್ದು ಅದಕ್ಕೆ ಆಸರೆ. ಮೆಟ್ನರ್‌ನಲ್ಲಿ ಎಡಗೈ ಬಲಗೈ ಎರಡಕ್ಕೂ ಅವರದೇ ಮಾತು ಇದೆ, ನಡುವೆ ಮೂರನೆಯದೊಂದು ದನಿ ಬೆರಳುಗಳ ಒಳಗೆ ಅಡಗಿರುತ್ತದೆ. ಅದನ್ನು ಹೆಬ್ಬೆರಳಿನಿಂದ ಎತ್ತಿ ತೋರಿಸಬೇಕು, ಆದರೆ ಉಳಿದವರ ಮಾತು ಮುಚ್ಚಬಾರದು. ಇಷ್ಟೆಲ್ಲ ಮಾಡಿದರೂ ಹೊರಗಿನಿಂದ ನೋಡುವವರಿಗೆ ಮಿಂಚುವ ಚಮತ್ಕಾರ ಕಾಣುವುದಿಲ್ಲ. ಅದಕ್ಕೇ ಪಿಯಾನಿಸ್ಟ್‌ಗಳು ಕೈಬಿಟ್ಟರು ಅಂತ ನನ್ನ ಅನಿಸಿಕೆ. ಕಷ್ಟ ಪಟ್ಟದ್ದು ಕೇಳುವವರಿಗೆ ತಿಳಿಯುವುದೇ ಇಲ್ಲ.

ನಾಲ್ಕನೇ_ಗ್ರೇಡ್_ಅಮ್ಮ

ಮೇಡಂ, ನಾನು ಎಲ್ಲ ಓದಿದೆ. ತುಂಬಾ ಚೆನ್ನಾಗಿದೆ. ಒಂದು ಪ್ರಶ್ನೆ ಕೇಳಲಾ? ನನ್ನ ಮಗಳಿಗೆ ಹನ್ನೊಂದು ವರ್ಷ. ಬೆಂಗಳೂರಿನಲ್ಲೇ ಟ್ರಿನಿಟಿ ಪಿಯಾನೊ ಪರೀಕ್ಷೆಯ ನಾಲ್ಕನೇ ಗ್ರೇಡ್ ಮುಗಿಸಿದ್ದಾಳೆ. ದೊಡ್ಡವಳಾದ ಮೇಲೆ ಕಛೇರಿ ಪಿಯಾನಿಸ್ಟ್ ಆಗುತ್ತೇನೆ ಅನ್ನುತ್ತಾಳೆ. ಮನೆಯಲ್ಲಿ ಅವರ ಅಜ್ಜಿ, ‘ಅದರಿಂದ ಹೊಟ್ಟೆ ತುಂಬುತ್ತದಾ?’ ಅನ್ನುತ್ತಾರೆ. ಮೆಟ್ನರ್ ಕಥೆ ಓದಿದ ಮೇಲೆ ಅಜ್ಜಿ ಹೇಳಿದ್ದು ಸರಿ ಇರಬಹುದು ಅನ್ನಿಸಿತು. ಏನು ಮಾಡಲಿ?

ಕರಿಬಿಳಿ_ಮನೆ

ಅಮ್ಮ, ಅಜ್ಜಿಯ ಪ್ರಶ್ನೆ ಸರಿಯಾದದ್ದೇ. ಮೆಟ್ನರ್‌ಗೂ ಅದೇ ಪ್ರಶ್ನೆ ಇತ್ತು, ಅವರು ಹೊಟ್ಟೆಪಾಡಿಗೆ ಪಾಠ ಹೇಳಿದರು. ಬರೀ ಕಛೇರಿಯಿಂದ ಬದುಕುವ ಪಿಯಾನಿಸ್ಟ್‌ಗಳು ಜಗತ್ತಿನಲ್ಲಿ ಯಾವಾಗಲೂ ಕೈಬೆರಳೆಣಿಕೆಯ ಮಂದಿ. ಉಳಿದವರು ಪಾಠ, ಹಾಡುವವರಿಗೆ ಪಕ್ಕವಾದ್ಯ, ಚೇಂಬರ್ ಸಂಗೀತ (ಕೆಲವೇ ಜನ ಸೇರಿ ನುಡಿಸುವುದು), ಹೀಗೆ ಎಲ್ಲವನ್ನೂ ಸೇರಿಸಿಕೊಂಡು ಬದುಕುತ್ತಾರೆ. ಇದು ಸೋಲು ಅಲ್ಲ, ವೃತ್ತಿ ಇರುವುದೇ ಹಾಗೆ.

ಇನ್ನು ಗ್ರೇಡ್ ವಿಷಯ. ಗ್ರೇಡ್ ಅಂದರೆ ವರ್ಷಕ್ಕೆ ಮೂರು ತುಣುಕು, ಸ್ಕೇಲ್, ಒಂದಿಷ್ಟು ಪರೀಕ್ಷೆ. ಅದಷ್ಟನ್ನೇ ವರ್ಷವೆಲ್ಲ ತಿಕ್ಕಿದರೆ ಮಗು ಎಂಟನೇ ಗ್ರೇಡ್ ಮುಗಿಸುವ ಹೊತ್ತಿಗೆ ಅವಳಿಗೆ ಗೊತ್ತಿರುವುದು ಇಪ್ಪತ್ತನಾಲ್ಕು ತುಣುಕು. ಕಛೇರಿ ಪಿಯಾನಿಸ್ಟ್ ಆಗುವ ಮಕ್ಕಳು ಆ ವಯಸ್ಸಿಗೆ ಅದರ ಎಷ್ಟೋ ಪಟ್ಟು ಓದಿರುತ್ತಾರೆ. ಹಾಗಾಗಿ ಪರೀಕ್ಷೆಯ ಹೊರಗೆ ದಿನಾ ಏನಾದರೂ ಹೊಸದನ್ನು ನೋಡಿ ನುಡಿಸಲಿ, ತಪ್ಪಾದರೂ ಪರವಾಗಿಲ್ಲ. ಬೇರೆ ಮಕ್ಕಳ ಜೊತೆ ನುಡಿಸಲಿ. ಒಂದು ಪಿಟೀಲು, ಒಂದು ಹಾಡು, ಏನಾದರೂ ಸರಿ. ಮನೆಯಲ್ಲಿ ಬರೀ ಕೀಬೋರ್ಡ್ ಇದ್ದರೆ ವಾರಕ್ಕೊಮ್ಮೆಯಾದರೂ ನಿಜವಾದ ಪಿಯಾನೊ ಕೈಗೆ ಸಿಗುವ ಏರ್ಪಾಡು ಮಾಡಿ. ತೂಕದ ಕೀಲಿ ಬೇರೆ, ಸ್ಪ್ರಿಂಗ್ ಕೀಲಿ ಬೇರೆ. ಅವಳು ಆ ಆಸೆಯನ್ನು ಹದಿನಾಲ್ಕು ಹದಿನೈದಕ್ಕೂ ಹೇಳುತ್ತಿದ್ದರೆ ಆಗ ಮುಂದಿನ ದಾರಿ ಮಾತಾಡೋಣ. ಈಗ ತಡೆಯಬೇಡಿ.

ವೆಂಬ್ಲಿ_ಕನ್ನಡತಿ

ನಾನು ಲಂಡನ್‌ನಲ್ಲಿ ಇರುವವಳು. ಗೋಲ್ಡರ್ಸ್ ಗ್ರೀನ್ ಇಲ್ಲಿಂದ ದೂರ ಇಲ್ಲ. ಮೆಟ್ನರ್ ಅವರ ಸಮಾಧಿ ಹೆಂಡನ್‌ನಲ್ಲಿದೆ, ಅಣ್ಣ ಎಮಿಲ್ ಜೊತೆಗೇ. ಆ ಅಣ್ಣನ ಕಥೆ ಇಲ್ಲಿ ಯಾರೂ ಹೇಳಲಿಲ್ಲ. ಆನ್ನಾ ಮೊದಲು ಮದುವೆಯಾಗಿದ್ದು ಎಮಿಲ್ ಅವರನ್ನು. ಆಕೆಗೂ ನಿಕೊಲಾಯ್‌ಗೂ ಪ್ರೀತಿ ಇದೆ ಅಂತ ತಿಳಿದ ಮೇಲೆ ಎಮಿಲ್ ದಾರಿ ಬಿಟ್ಟುಕೊಟ್ಟರು. ಬಳಿಕ ಆನ್ನಾ, ನಿಕೊಲಾಯ್ ಮದುವೆಯಾದರು. ಆಮೇಲೂ ಅಣ್ಣ ತಮ್ಮ ಬಿಟ್ಟು ಹೋಗಲಿಲ್ಲ. ಇಬ್ಬರೂ ಒಂದೇ ಕಡೆ ಇದ್ದಾರೆ ಅನ್ನುವುದು ನನಗೆ ಬಹಳ ಕಾಡುತ್ತದೆ.

ಆನ್ನಾ ಬಗ್ಗೆಯೂ ಹೇಳಬೇಕು. ಆಕೆ ಪಿಟೀಲು ಕಲಿತವರು. ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಗಂಡನ ಜೊತೆ ಓಡಾಡಿದರು. ಗಂಡ ಹೋದ ಮೇಲೆ 1958ರಲ್ಲಿ ಸೋವಿಯತ್ ದೇಶಕ್ಕೆ ಮರಳಿದರು. ಹಸ್ತಪ್ರತಿಗಳನ್ನು ಜೊತೆಗೆ ಒಯ್ದರು. ಅಲ್ಲಿ ಮೆಟ್ನರ್ ರಚನೆಗಳ ಪೂರ್ತಿ ಸಂಪುಟಗಳು ಬರುವ ಹಾಗೆ ನೋಡಿಕೊಂಡರು. 1965ರಲ್ಲಿ ತೀರಿಕೊಂಡರು. ದನಿ ಉಳಿದದ್ದು ಮೈಸೂರಿನಿಂದ, ಬರಹ ಉಳಿದದ್ದು ಆನ್ನಾ ಅವರಿಂದ. ಎರಡನ್ನೂ ಹೇಳಬೇಕು ಅಲ್ವಾ?

ಹಳೇ_ತಟ್ಟೆ_ಸಂಗ್ರಹ

ಖಂಡಿತ ಹೇಳಬೇಕು ಮೇಡಂ.

ಮಹಾರಾಜರ ದುಡ್ಡಿನ ವಿಷಯದಲ್ಲಿ ಇನ್ನೊಂದು ಸಂಗತಿ. ರಿಚರ್ಡ್ ಸ್ಟ್ರೌಸ್ ತಮ್ಮ ಕೊನೆಯ ದಿನಗಳಲ್ಲಿ ಬರೆದ ನಾಲ್ಕು ಹಾಡುಗಳು ಇವೆಯಲ್ಲ, ಅವುಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ಆಯಿತು. ಹಾಡಿದ್ದು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ವಾಹಕರು ಫುರ್ಟ್‌ವೆಂಗ್ಲರ್. ಅದಕ್ಕೆ 4,800 ಡಾಲರ್ ಖಾತರಿ ನೀಡಿದ್ದು ನಮ್ಮ ಮಹಾರಾಜರು. ಅವರಿಗೆ ಹೋಗಲು ಆಗಲಿಲ್ಲ. ಕಛೇರಿಯನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿದರು. ಲೆಗ್ ಮೈಸೂರಿಗೆ ಬಂದಾಗ ಅರಮನೆಯಲ್ಲಿ ದೊಡ್ಡ ರೆಕಾರ್ಡ್ ಸಂಗ್ರಹ, ಸಾಲು ಸ್ಪೀಕರ್‌ಗಳು, ಹಲವು ಗ್ರ್ಯಾಂಡ್ ಪಿಯಾನೊಗಳನ್ನು ನೋಡಿ ಬೆರಗಾಗಿದ್ದರಂತೆ. ನನ್ನಂಥ ಸಂಗ್ರಹಗಾರನಿಗೆ ಆ ಕೋಣೆ ಹೇಗಿತ್ತೋ ಅನ್ನುವ ಆಸೆ ತೀರುವುದೇ ಇಲ್ಲ.

ಕಡತ_ಓದುಗ

ಮೆಟ್ನರ್ ಕೇಳಲು ಶುರು ಮಾಡುವವರಿಗೆ ಒಂದು ದಾರಿ ಹೇಳಿ. ಕಾನ್ಸರ್ಟೊ ಕೇಳಿದೆ, ಮುಂದೆ ಏನು?

ಸರಸ್ವತೀಪುರಂ_ಕೇಳುಗ

ಮುಂದೆ ‘ಸೊನಾಟ ರೆಮಿನಿಸೆಂಜ’. ಒಂದೇ ಭಾಗ, ಹದಿನಾಲ್ಕು ನಿಮಿಷದ ಹತ್ತಿರ. ರಷ್ಯಾದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಹಳ್ಳಿಮನೆಯೊಂದರಲ್ಲಿ ಕೂತು ಬರೆದದ್ದು. ಹಳೇ ನೋಟ್‌ಪುಸ್ತಕಗಳಲ್ಲಿ ಗೀಚಿಟ್ಟು ಮರೆತಿದ್ದ ಸ್ವರಗಳನ್ನು ತೆಗೆದು ‘ಮರೆತ ರಾಗಗಳು’ ಅನ್ನುವ ಮಾಲೆಗಳನ್ನು ಮಾಡಿದರು, ಅದರ ಮೊದಲನೆಯದು ಇದು. ಶುರುವಿನಲ್ಲಿ ತಣ್ಣಗೆ ಸುತ್ತುವ ಒಂದು ಎಳೆ ಬರುತ್ತದೆ, ಅದನ್ನು ಹಿಡಿದುಕೊಳ್ಳಿ. ಸೊನಾಟದ ಒಳಗೂ ಮರಳುತ್ತದೆ, ಮಾಲೆಯ ಕೊನೆಯ ತುಣುಕಿನಲ್ಲೂ ಮರಳುತ್ತದೆ. ಎಮಿಲ್ ಗಿಲೆಲ್ಸ್ ನುಡಿಸಿದ್ದು ಕೇಳಿ. ನಾನು ಕೇಳಿದ ಎಲ್ಲದರಲ್ಲೂ ಅದೇ ಮೇಲು.

ಆಮೇಲೆ ಸ್ಕಾಜ್ಕಿಗಳು. ಅಜ್ಜಿಕಥೆ ಥರದ ಚಿಕ್ಕ ತುಣುಕುಗಳು, ಮೂರು ನಾಲ್ಕು ನಿಮಿಷದವು. ದಿನಕ್ಕೊಂದು ಕೇಳಿದರೆ ಸಾಕು. ಹದಿನಾಲ್ಕು ಸೊನಾಟಗಳನ್ನೂ ಒಟ್ಟಿಗೆ ಬೇಕು ಅಂದರೆ ಮಾರ್ಕ್-ಆಂದ್ರೆ ಹ್ಯಾಮೆಲಿನ್ ಇದ್ದಾರೆ. ಕಾನ್ಸರ್ಟೊಗಳಿಗೆ ಜೆಫ್ರಿ ಟೋಜರ್ ಕೂಡ ಬಹಳ ಚೆನ್ನಾಗಿ ನುಡಿಸಿದ್ದಾರೆ. ಟೋಜರ್ ಆಸ್ಟ್ರೇಲಿಯಾದವರು, ಆದರೆ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ. ‘ರಾತ್ರಿಯ ಗಾಳಿ’ ಸೊನಾಟವನ್ನು ಮಾತ್ರ ಈಗಲೇ ಮುಟ್ಟಬೇಡಿ. ಅರ್ಧ ಗಂಟೆಗೂ ಜಾಸ್ತಿ, ಉಸಿರು ಬಿಡಲು ಜಾಗ ಕೊಡುವುದಿಲ್ಲ. ಕಿವಿ ಪಳಗಿದ ಮೇಲೆ ಕೇಳಿ.

ನಾಲ್ಕನೇ_ಗ್ರೇಡ್_ಅಮ್ಮ

ನಾವು ಮೂವರೂ, ಅಜ್ಜಿ ಸೇರಿ, ಆ ಸೊನಾಟ ಕೇಳಿದೆವು. ಮಗಳು ‘ನಂಗೆ ಇವರದ್ದು ನುಡಿಸಬೇಕು’ ಅಂತ ಹಟ ಹಿಡಿದಿದ್ದಾಳೆ. ಅವಳ ಮಟ್ಟಕ್ಕೆ ಏನಾದರೂ ಇದೆಯಾ ಮೇಡಂ? ಸ್ವರಲಿಪಿ ಎಲ್ಲಿ ಸಿಗುತ್ತದೆ?

ಕರಿಬಿಳಿ_ಮನೆ

ಇದೆ. ಓಪಸ್ 54 ಅಂತ ಹುಡುಕಿ. ಎಳೆಯರಿಗಾಗಿಯೇ ಬರೆದದ್ದು, ಪ್ರೆಲ್ಯೂಡ್ (ಮುನ್ನುಡಿಯಂಥ ಚಿಕ್ಕ ತುಣುಕು) ಒಂದು, ಕಥೆ ಒಂದು, ಹೀಗೆ ಜೋಡಿ ಜೋಡಿಯಾಗಿ ಇವೆ. ಎಳೆಯರಿಗೆ ಅಂದ ಮಾತ್ರಕ್ಕೆ ಸುಲಭ ಅಂದುಕೊಳ್ಳಬೇಡಿ. ನಾಲ್ಕನೇ ಗ್ರೇಡ್‌ಗೆ ಸ್ವಲ್ಪ ಭಾರವೇ. ಅವಳ ಟೀಚರ್‌ಗೆ ಮೊದಲು ತೋರಿಸಿ, ಅವರು ಒಂದು ಪುಟ ಆರಿಸಿಕೊಡಲಿ. ಎಡಗೈ ಒಂದನ್ನೇ ಮೊದಲು ಕಲಿಯಲಿ, ಹಾಡುವ ಹಾಗೆ ಬಂದ ಮೇಲೆ ಬಲಗೈ ಸೇರಿಸಲಿ.

ಸ್ವರಲಿಪಿಗೆ ದುಡ್ಡು ಕೊಡಬೇಕಾಗಿಲ್ಲ. ನಮ್ಮ ದೇಶದಲ್ಲಿ ರಚನೆಗಾರರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮೆಟ್ನರ್ ಹೋದದ್ದು 1951ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2012ರಿಂದ ಇಲ್ಲಿ ಮುಕ್ತ. ಐ.ಎಂ.ಎಸ್.ಎಲ್.ಪಿ. ಜಾಲತಾಣದಲ್ಲಿ ಹಳೆಯ ಮುದ್ರಣಗಳು ಸಿಗುತ್ತವೆ. ಮುದ್ರಿಸುವಾಗ ಎ4 ಹಾಳೆಗೆ ಕುಗ್ಗಿಸಬೇಡಿ. ಅವರ ಪುಟಗಳಲ್ಲಿ ಸ್ವರ ಒತ್ತೊತ್ತಾಗಿ ಇರುತ್ತವೆ, ಮಗುವಿನ ಕಣ್ಣಿಗೆ ಕಷ್ಟ. ಎ3 ಹಾಳೆಯಲ್ಲಿ ಹಾಕಿಸಿ. ಬೆರಳುಗಳ ನಂಬರ್ ಹಾಕುವುದರಲ್ಲಿ ಸಹಾಯ ಬೇಕಿದ್ದರೆ ಪುಟದ ಫೋಟೊ ಇಲ್ಲೇ ಹಾಕಿ, ನಾನು ಗುರುತು ಮಾಡಿಕೊಡುತ್ತೇನೆ.